ವಾರಸುದಾರರಿಲ್ಲದ ಇಪ್ಪತ್ತೆರಡು: ಒಂಬತ್ತನೆಯ ಕಂತು

"ಐದು ಗಂಟೆಗೆ ಮೆಷಿನ್ ಆರಿಸ್ತೀವಿ, ದೋನ್ಯಾ ಒತೀಲಿಯಾ. ನಮ್ಮ ಲಾರಿ ಆಗ್ಲೇ ಕೆಳಗೆ ಬಂದು ನಿಂತಿದೆ."

ಸರ್ವರ್ ನೋಡಿಕೊಳ್ಳುವ ಕಂಪನಿಯ ಇಂಜಿನಿಯರ್ ಇರಿಗೊಯೆನ್ ಹೀಗೆ ಹೇಳಿ ತನ್ನ ಕೈಗಡಿಯಾರವನ್ನು ನನ್ನ ಮುಖದ ಕಡೆ ತಿರುಗಿಸಿದ. ನಾಲ್ಕು ದಾಟಿ ಐದು ನಿಮಿಷ. ನನಗೂ ಗಡಿಯಾರ ನೋಡಲು ಬರುತ್ತದಪ್ಪ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಇರುವ ಸಿಟ್ಟನ್ನೆಲ್ಲ ಮೊದಲೇ ಖರ್ಚು ಮಾಡಿಬಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ.

ಹನ್ನೆರಡು ದಿನದ ಹಿಂದೆ ಬೆಳಿಗ್ಗೆ ಏಳು ಗಂಟೆ ಎಂಟು ನಿಮಿಷಕ್ಕೆ ಮೊಂಟೆವಿಡಿಯೋದ ಲಾ ಕಾಲೇರಾ ರಕ್ತನಿಧಿಯ ಸರ್ವರ್ ಮೆಮೊರಿ ಸಾಲದೆ ಕೈಚೆಲ್ಲಿ ಕೂತಿತು. ನಲವತ್ತೊಂದು ನಿಮಿಷ ಅಲ್ಲಿಂದ ಒಂದು ಚೀಲ ರಕ್ತವೂ ಹೊರಗೆ ಹೋಗಲಿಲ್ಲ, ಅಷ್ಟರಲ್ಲಿ ಡೆಲ್ಮಾರ್ ಒಸೋರ್ಯೊ ಎಂಬ ಮಾಂಸದಂಗಡಿಯವನು ಆಪರೇಷನ್ ಮೇಜಿನ ಮೇಲೆ ಸತ್ತ.

ಅವನಿಗೆ ಬೇಕಾದ ರಕ್ತ ಆ ಮೇಜಿನಿಂದ ಒಂಬೈನೂರು ಮೀಟರ್ ದೂರದಲ್ಲಿ, ಈ ಕಟ್ಟಡದ ನೆಲಮಾಳಿಗೆಯ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು. ಸರ್ವರ್ ಹೂಂ ಅನ್ನದೆ ಚೀಲ ಕೊಡುವ ಅಧಿಕಾರ ಇಲ್ಲಿ ಯಾರಿಗೂ ಇರಲಿಲ್ಲ. ಕಾಗದದ ಮೇಲೆ ಬರೆದು ಕೊಡುವುದು ನಿಯಮಕ್ಕೆ ವಿರುದ್ಧವಂತೆ. ಮನುಷ್ಯ ಸಾಯುವುದು ಮಾತ್ರ ಯಾವ ನಿಯಮಕ್ಕೂ ವಿರುದ್ಧವಲ್ಲ. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಆ ಸಾವಿನ ಗೂಬೆಯನ್ನು ಈಗ ನೀಬಿಯಾ ತೆಚೇರಾ ತಲೆಯ ಮೇಲೆ ಕೂರಿಸಿದ್ದರು. ಐವತ್ತನಾಲ್ಕು ವರ್ಷದ ಹೆಂಗಸು, ಇಪ್ಪತ್ತೆರಡು ವರ್ಷದಿಂದ ಈ ಡೇಟಾಬೇಸನ್ನು ಸಾಕಿದವಳು. ನನ್ನ ಪಕ್ಕದ ಕುರ್ಚಿಯಲ್ಲಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಯಾರದೋ ಮನೆಗೆ ಬಂದ ನೆಂಟರ ಹಾಗೆ ಕೂತಿದ್ದಳು. ಐದು ಗಂಟೆಗೆ ಇರಿಗೊಯೆನ್ ಬರೆದ ವರದಿಯ ಮೇಲೆ ರಕ್ತನಿಧಿಯ ನಿರ್ದೇಶಕಿಯ ಸಹಿ ಬಿದ್ದರೆ ಅವಳ ಹೆಸರು ಸರ್ಕಾರಿ ಅಭಿಯೋಜಕರ ಕೈಗೆ ಹೋಗುತ್ತದೆ. ಕೆಲಸವಂತೂ ಹೋದ ಹಾಗೆಯೇ, ಅದರ ಮೇಲೆ ಜೈಲು.

ನಾನು ನ್ಯಾಯಾಧೀಶರು ಕಳಿಸಿದ ತಜ್ಞೆ. ಒತೀಲಿಯಾ ಲರ್ರೋಸಾ, ಮೂವತ್ತೊಂಬತ್ತು ವರ್ಷದಿಂದ ಯೂನಿಕ್ಸ್ ವ್ಯವಸ್ಥೆಯ ಮೆಷಿನ್ನುಗಳ ಮುಂದೆ ಕೂತು ಬೆನ್ನು ಬಗ್ಗಿಸಿಕೊಂಡವಳು. ಅಪಘಾತವಾದ ದಿನವೇ ರಕ್ತನಿಧಿಯ ಕೆಲಸವನ್ನು ಬೇರೆ ಮೆಷಿನ್ನಿಗೆ ಸಾಗಿಸಿ, ಇದನ್ನು ಓಡುತ್ತಿರುವ ಹಾಗೆಯೇ ಮೊಹರು ಮಾಡಿಸಿದ್ದೆ. ನೋಡಬಹುದು, ಮುಟ್ಟುವ ಹಾಗಿಲ್ಲ. ಆ ಆದೇಶದ ಅವಧಿ ಇವತ್ತು ಐದಕ್ಕೆ ಮುಗಿಯುತ್ತಿತ್ತು. ಕರೆಂಟು ತೆಗೆದರೆ ಮೆಮೊರಿಯಲ್ಲಿ ಇದ್ದದ್ದೆಲ್ಲ ಹೋಯಿತು. ಸುಟ್ಟರೆ ಬೂದಿಯಾದರೂ ಉಳಿಯುತ್ತದೆ, ಇದರಲ್ಲಿ ಅದೂ ಇಲ್ಲ.

"ಸಮಾಧಾನ, ಸಮಾಧಾನ," ಅಂದರು ನಿರ್ದೇಶಕಿ ಡಾಕ್ಟರ್ ಸೆಲ್ವಾ ಅರ್ಬೀಸಾ, ಫ್ಲಾಸ್ಕ್ ಎತ್ತಿಕೊಳ್ಳುತ್ತ. "ಮೊದ್ಲು ಒಂದು ಸುತ್ತು ಮಾಟೆ ಆಗ್ಲಿ. ಹೊಟ್ಟೇಲಿ ಬಿಸಿ ಇಲ್ದೆ ಯಾವ ಮಾತೂ ಸರಿಯಾಗಿ ಬರಲ್ಲ."

ಮಾಟೆ ಸೊಪ್ಪಿನ ಕಷಾಯ ಹೀರುವ ಅವರ ಸೋರೆಬುರುಡೆ ಹಳೆಯದು, ಬಾಯಿಗೆ ಬೆಳ್ಳಿಯ ಕಟ್ಟು ಹಾಕಿದ್ದು, ಒಳಗೆ ಹೀರುವ ಕೊಳವೆ. ಸೊಪ್ಪಿನ ಮೇಲೆ ನೀರು ಹೊಯ್ದು, ಮೊದಲನೆಯದನ್ನು ತಾವು ಹೀರಿ, ಅದೇ ಬುರುಡೆಗೆ ಮತ್ತೆ ನೀರು ತುಂಬಿ ನೀಬಿಯಾಗೆ ಕೊಟ್ಟರು.

"ಇಪ್ಪತ್ತು ವರ್ಷದಿಂದ ಈ ಕಟ್ಟಡಕ್ಕೆ ಬೆಳಿಗ್ಗೆ ಮೊದ್ಲು ಬರೋಳು ನಾನೇ," ಎಂದು ನನಗೆ ಹೇಳಿದರು. "ಆರೂವರೆಗೆ ಬಂದು ನೀರು ಕಾಯಿಸಿಡ್ತೀನಿ. ನನ್ನ ಕೈಯ ಮಾಟೆ ಕುಡೀದೋರು ಇಲ್ಲಿ ಯಾರೂ ಇಲ್ಲ. ಅಲ್ವೇನೇ, ನೀಬಿಯಾ?"

"ಹೌದು, ಸೆಲ್ವಾ," ಅಂದಳು ನೀಬಿಯಾ, ಕೊಳವೆ ಬಾಯಲ್ಲಿಟ್ಟುಕೊಂಡೇ.

"ಸಹಿ ಮಾಡೋದು ನಂಗೂ ಸಂಕಟಾನೇ ಕಣೇ. ಏನ್ಮಾಡ್ಲಿ ಹೇಳು."

ಮಾಟೆ ಕೊಡುವುದು ಅದೇ ಕೈ, ಐದಕ್ಕೆ ಸಹಿ ಹಾಕುವುದೂ ಅದೇ ಕೈ.

ಬುರುಡೆ ನನ್ನಿಂದ ಇರಿಗೊಯೆನ್‌ಗೆ ಹೋಯಿತು. ಅವನು ಎರಡೇ ಗುಟುಕಿಗೆ ಮುಗಿಸಿ ವಾಪಸು ಕೊಡುತ್ತ "ಗ್ರಾಸಿಯಾಸ್" ಅಂದ. ಧನ್ಯವಾದ, ಅಂದರೆ ಅವನಿಗೆ ಸಾಕು, ಮುಂದಿನ ಸುತ್ತಿನಲ್ಲಿ ಅವನನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಮೊಂಟೆವಿಡಿಯೋದಲ್ಲಿ ಮಾಟೆ ಹಿಂದಿರುಗಿಸುವಾಗ ಯಾರೂ ಸುಮ್ಮಸುಮ್ಮನೆ ಆ ಮಾತು ಆಡುವುದಿಲ್ಲ. ಆಡಿದ ಮೇಲೆ ಯಾರೂ ಒತ್ತಾಯ ಮಾಡುವುದೂ ಇಲ್ಲ.

"ಆಯ್ತು," ಎಂದು ನಾನು ಅವನ ವರದಿಯನ್ನು ಮೇಜಿನ ಮೇಲೆ ಬಿಚ್ಚಿದೆ. "ಪುಟ ಹದಿನಾಲ್ಕು. ನೀವೇ ಓದಿ ಹೇಳಿ, ಇಂಜಿನಿಯರ್‌ ಅವರೇ."

"ಓದೋದೇನಿದೆ? ನೀಬಿಯಾ ತೆಚೇರಾ ಅವರ ವರದಿ ಪ್ರೋಗ್ರಾಂ ದಿನಾ ಬೆಳಿಗ್ಗೆ ಏಳಕ್ಕೆ ತಾನಾಗೇ ಶುರುವಾಗುತ್ತೆ. ಆರು ಪ್ರೋಸೆಸ್ ಆಗಿ, ಅಂದ್ರೆ ಆರು ತುಂಡಾಗಿ ಓಡುತ್ತೆ. ಏಳು ಗಂಟೆ ಎಂಟು ನಿಮಿಷಕ್ಕೆ ಮೆಷಿನ್ನೇ ಬರೆದಿಟ್ಟ ಪಟ್ಟಿ ಅದು. ಒಂದೊಂದು ಪ್ರೋಸೆಸ್‌ಗೂ ಇಪ್ಪತ್ನಾಲ್ಕು ಜಿಬಿ, ಮೇಲೆ ಚಿಲ್ಲರೆ. ಆರೂ ಸೇರಿ ನೂರ ನಲವತ್ತೈದು ಜಿಬಿ ಮೆಮೊರಿ ತಿಂದಿವೆ. ಮೆಷಿನ್ ಸಾಯದೆ ಇನ್ನೇನು ಮಾಡುತ್ತೆ?"

"ಮೆಷಿನ್ನಲ್ಲಿ ಒಟ್ಟು ಮೆಮೊರಿ ಎಷ್ಟಿದೆ?"

"ಅರವತ್ನಾಲ್ಕು."

ನೀಬಿಯಾ ತನ್ನ ಕೈಚೀಲದ ಕೊಂಡಿಯನ್ನು ತೆಗೆದು ಹಾಕಿದಳು.

"ಅರವತ್ನಾಲ್ಕು ಹಿಡಿಯೋ ಕೊಡದಿಂದ ನೂರ ನಲವತ್ತೈದು ಕುಡಿದಳು ಅಂತೀರಾ?"

"ಉಳಿದದ್ದು ಡಿಸ್ಕಿಗೆ ಹೋಗುತ್ತೆ. ಅದಕ್ಕಂತಾನೇ ಜಾಗ ಇಟ್ಟಿರ್ತಾರೆ. ಇದು ಮೊದಲ ವರ್ಷದ ಪಾಠ."

"ಡಿಸ್ಕಲ್ಲಿ ಇಟ್ಟಿರೋ ಜಾಗ ಎಂಟು ಜಿಬಿ. ನಿಮ್ಮ ವರದೀಲೇ ಇದೆ, ಪುಟ ಮೂರು. ಅರವತ್ನಾಲ್ಕು, ಎಂಟು, ಎಪ್ಪತ್ತೆರಡು. ಇನ್ನೂ ಎಪ್ಪತ್ಮೂರು ಎಲ್ಲಿಂದ ತಂದಳು, ಮನೆಯಿಂದ ಬುತ್ತಿ ಕಟ್ಕೊಂಡು ಬಂದಳಾ?"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟಿ ಅನ್ನುವ ಜನ. ಈ ವರದಿಗೆ ಐದು ಮಂದಿ ಓದಿದ್ದೇವೆ ಎಂದು ರುಜು ಹಾಕಿದ್ದರು. ಐವರಲ್ಲಿ ಒಬ್ಬರಿಗೂ ಅರವತ್ತನಾಲ್ಕರ ಪಕ್ಕದಲ್ಲಿ ನೂರ ನಲವತ್ತೈದನ್ನು ಇಟ್ಟು ನೋಡಬೇಕು ಅನಿಸಲಿಲ್ಲ. ಒಬ್ಬ ಹೆಂಗಸಿನ ಬದುಕು ಹಾಳಾಗುವ ಜಾಗದಲ್ಲಿ ಒಂದು ಕಳೆಯುವ ಲೆಕ್ಕ ಮಾಡುವಷ್ಟೂ ಪುರುಸೊತ್ತಿರಲಿಲ್ಲ ಈ ಮಹನೀಯರಿಗೆ.

"ಆ ಹೊತ್ತಿಗೆ ಒಟ್ಟು ತೊಂಬತ್ತು ಪ್ರೋಸೆಸ್ ಓಡ್ತಿದ್ದವು," ಅಂದೆ. "ನೀವು ನೀಬಿಯಾಳ ಆರು ಮಾತ್ರ ಆರಿಸ್ಕೊಂಡು ಕೂಡಿಸಿದ್ರಿ. ನಾನು ತೊಂಬತ್ತನ್ನೂ ನಿಮ್ಮ ಥರಾನೇ ಕೂಡಿಸಿದೆ. ಎಷ್ಟು ಬಂತು ಗೊತ್ತಾ? ಎರಡು ಸಾವಿರದ ನೂರ ಅರವತ್ತೊಂಬತ್ತು ಜಿಬಿ. ಇಷ್ಟು ಮೆಮೊರಿ ಈ ಬೀದಿಯ ಎಲ್ಲ ಮೆಷಿನ್ ಸೇರಿಸಿದ್ರೂ ಇಲ್ಲ."

"ಪಟ್ಟಿ ಬರೆದಿದ್ದು ಮೆಷಿನ್, ದೋನ್ಯಾ ಒತೀಲಿಯಾ. ನಾನಲ್ಲ."

"ಪಟ್ಟಿ ಸುಳ್ಳು ಅಂತ ಯಾರು ಹೇಳಿದ್ರು? ಪಟ್ಟಿ ಸರಿಯಾಗೇ ಇದೆ. ಕೂಡಿಸಿದ ಕೈ ಸರಿ ಇಲ್ಲ."

ಡಾಕ್ಟರ್ ಸೆಲ್ವಾ ಹಣೆ ಗಂಟಿಕ್ಕಿದರು. "ಸ್ವಲ್ಪ ನನಗೆ ಅರ್ಥ ಆಗೋ ಹಾಗೆ ಹೇಳಿ. ನಾನು ರಕ್ತದ ಡಾಕ್ಟ್ರು, ಕಂಪ್ಯೂಟರ್ ಡಾಕ್ಟ್ರಲ್ಲ."

"ಹೇಳ್ತೀನಿ. ಈಗ ಈ ಮೇಜಿನ ಸುತ್ತ ಎಷ್ಟು ಜನ ಮಾಟೆ ಕುಡಿದ್ವಿ?"

"ನಾಲ್ಕು."

"ನಿಮಗೆ ಎಷ್ಟು ಬುರುಡೆ ಸಿಕ್ತು?"

"ಒಂದು."

"ನೀಬಿಯಾಗೆ?"

"ಒಂದು. ಇದೇನು ಪ್ರಶ್ನೆ?"

"ನನಗೆ ಒಂದು, ಇಂಜಿನಿಯರಿಗೆ ಒಂದು. ನಾಲ್ಕಾಯ್ತು. ಉಳಿದ ಮೂರು ಬುರುಡೆ ಎಲ್ಲಿ, ಡಾಕ್ಟ್ರೇ? ಹುಡುಕಿಸಿ. ನೀಬಿಯಾ ಕದ್ದಿರಬಹುದು, ಆ ಕೈಚೀಲ ತಪಾಸಣೆ ಮಾಡಿಸಿ."

ಡಾಕ್ಟರ್ ಸೆಲ್ವಾ ಕೈಯಲ್ಲಿದ್ದ ಬುರುಡೆಯನ್ನು ನೋಡಿದರು, ಆಮೇಲೆ ಇರಿಗೊಯೆನ್‌ನನ್ನು ನೋಡಿದರು. ಅವನ ಕಿವಿ ಕೆಂಪಾಗಿತ್ತು.

ಡೇಟಾಬೇಸ್ ತನ್ನ ಕೆಲಸಕ್ಕೆ ಇಪ್ಪತ್ತನಾಲ್ಕು ಜಿಬಿಯ ಒಂದೇ ಒಂದು ದೊಡ್ಡ ಜಾಗ ತೆಗೆದಿಟ್ಟಿರುತ್ತದೆ. ಬರುವ ಪ್ರೋಸೆಸ್‌ಗಳೆಲ್ಲ ಅದನ್ನೇ ಹಂಚಿಕೊಳ್ಳುತ್ತವೆ. ಪಟ್ಟಿ ಕೇಳಿದರೆ ಯೂನಿಕ್ಸ್ ಪ್ರತಿಯೊಂದರ ಮುಂದೆಯೂ ಆ ಇಪ್ಪತ್ತನಾಲ್ಕನ್ನು ಬರೆಯುತ್ತದೆ, ಯಾಕೆಂದರೆ ಪ್ರತಿಯೊಂದೂ ಅದರಲ್ಲಿ ಕುಡಿಯುತ್ತಿರುವುದು ನಿಜ. ಹಂಚಿಕೊಂಡದ್ದನ್ನು ಒಂದೇ ಸಲ ಎಣಿಸಬೇಕು, ಸ್ವಂತದ್ದನ್ನು ಮಾತ್ರ ಬೇರೆ ಬೇರೆ ಎಣಿಸಬೇಕು. ಈ ಕಸುಬಿಗೆ ಬಂದವರೆಲ್ಲ ಒಮ್ಮೆ ಈ ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಆದರೆ ನಾನು ಅದನ್ನು ಕಾಗದದ ಮೇಲೆ ಬರೆದು ಇನ್ನೊಬ್ಬರ ಕೊರಳಿಗೆ ಕಟ್ಟಲಿಲ್ಲ.

"ನೀಬಿಯಾಳ ಆರು ಪ್ರೋಸೆಸ್‌ಗಳ ಸ್ವಂತ ಮೆಮೊರಿ ಎಷ್ಟು ಗೊತ್ತಾ?" ಅಂದೆ. "ನಿಮ್ಮ ನೂರ ನಲವತ್ತೈದರಲ್ಲಿ ನೂರ ನಲವತ್ನಾಲ್ಕು ಅದೇ ಬುರುಡೆ, ಆರು ಸಲ. ಉಳಿಯೋದು ಒಂದು. ಒಂದೇ ಒಂದು ಜಿಬಿ. ನಿಮ್ಮ ಜೇಬಲ್ಲಿರೋ ಫೋನು ಅದಕ್ಕಿಂತ ಜಾಸ್ತಿ ತಿನ್ನುತ್ತೆ."

ನೀಬಿಯಾ ಕಣ್ಣು ಒರೆಸಿಕೊಂಡಳು. ಹನ್ನೆರಡು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇರಿಗೊಯೆನ್ ಕಾಲಿನ ಮೇಲೆ ಕಾಲು ಹಾಕಿಕೊಂಡ. ಅವನು ದಡ್ಡನಲ್ಲ, ಸೋಂಬೇರಿ ಅಷ್ಟೆ, ಮತ್ತು ಸೋಂಬೇರಿಗಳಿಗೆ ತಪ್ಪಿಸಿಕೊಳ್ಳುವ ದಾರಿ ಚೆನ್ನಾಗಿ ಗೊತ್ತಿರುತ್ತದೆ.

"ಸರಿ, ಕೂಡಿಸಿದ್ದು ತಪ್ಪು. ಒಪ್ಕೋತೀನಿ," ಅಂದ. "ಆದ್ರೆ ಮೆಮೊರಿ ಮುಗಿದು ಹೋಗಿದ್ದು ಸುಳ್ಳಲ್ವಲ್ಲ? ಡೆಲ್ಮಾರ್ ಒಸೋರ್ಯೊ ಸತ್ತಿದ್ದು ಸುಳ್ಳಲ್ವಲ್ಲ? ಇವರು ತಿಂದಿಲ್ಲ ಅಂದ್ರೆ ಯಾರು ತಿಂದ್ರು? ಅದನ್ನ ಹೇಳಿ. ಇಲ್ಲಾಂದ್ರೆ ಡಾಕ್ಟ್ರು ಯಾರ ಹೆಸರು ಬರೀಬೇಕು?"

ಪ್ರಶ್ನೆ ನ್ಯಾಯವಾದದ್ದೇ. ನಾಲ್ಕು ಗಂಟೆ ಇಪ್ಪತ್ತೆಂಟು ನಿಮಿಷವಾಗಿತ್ತು.

ನಾನು ಒಂದು ಖಾಲಿ ಹಾಳೆ ಎಳೆದುಕೊಂಡು ಅವನ ಪಟ್ಟಿಯಿಂದಲೇ ಬರೆಯತೊಡಗಿದೆ. ಡೇಟಾಬೇಸಿನ ಹಂಚಿಕೊಂಡ ಜಾಗ, ಒಂದೇ ಸಲ: ಇಪ್ಪತ್ತನಾಲ್ಕು. ತೊಂಬತ್ತು ಪ್ರೋಸೆಸ್‌ಗಳ ಸ್ವಂತದ್ದು: ಒಂಬತ್ತು. ಯೂನಿಕ್ಸಿನ ಸ್ವಂತ ಖರ್ಚು: ಮೂರು. ಫೈಲುಗಳಿಗೆ ಇಟ್ಟುಕೊಂಡದ್ದು: ಐದು. ಖಾಲಿ ಉಳಿದಿದ್ದು: ಒಂದು. ಎಲ್ಲ ಸೇರಿ ನಲವತ್ತೆರಡು.

"ಅರವತ್ನಾಲ್ಕರಲ್ಲಿ ನಲವತ್ತೆರಡು ಕಳೆದ್ರೆ?"

"ಇಪ್ಪತ್ತೆರಡು," ಅಂದಳು ನೀಬಿಯಾ. ಅವಳು ನನಗಿಂತ ಮೊದಲೇ ಕಳೆದಿದ್ದಳು.

"ಇಪ್ಪತ್ತೆರಡು ಜಿಬಿ ಯಾವ ಪ್ರೋಸೆಸ್‌ನದ್ದೂ ಅಲ್ಲ. ಯಾರ ಲೆಕ್ಕದಲ್ಲೂ ಇಲ್ಲ. ಅದು ಖಾಲಿ ಇದ್ದಿದ್ರೆ ಮೆಷಿನ್ ಉಸಿರಾಡ್ತಿತ್ತು, ಡೆಲ್ಮಾರ್ ಇವತ್ತು ಅಂಗಡೀಲಿ ಮಾಂಸ ಕತ್ತರಿಸ್ತಿದ್ದ."

ಹಂಚಿಕೊಂಡ ಜಾಗಕ್ಕೆ ಇನ್ನೊಂದು ಗುಣವಿದೆ. ಅದನ್ನು ತೆರೆದ ಪ್ರೋಸೆಸ್ ಸತ್ತುಹೋದರೂ ಅದು ಸಾಯುವುದಿಲ್ಲ. ಕುಡಿಯುವವರೆಲ್ಲ ಎದ್ದು ಹೋದ ಮೇಲೂ ಬುರುಡೆ ಮೇಜಿನ ಮೇಲೆಯೇ ಕೂತಿರುತ್ತದೆ, ಯಾರಾದರೂ ಬಂದು ತೆಗೆಯುವವರೆಗೆ, ಅಥವಾ ಕರೆಂಟು ಹೋಗುವವರೆಗೆ. ಪ್ರೋಸೆಸ್‌ಗಳ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ಜನ್ಮದಲ್ಲಿ ಸಿಗುವುದಿಲ್ಲ. ಅದರ ಪಟ್ಟಿಯೇ ಬೇರೆ. ಅದರಲ್ಲಿ ತೆರೆದವರ ಹೆಸರಿರುತ್ತದೆ, ತೆರೆದ ಗಳಿಗೆಯೂ ಇರುತ್ತದೆ.

ಆ ಪಟ್ಟಿಯನ್ನು ನಾನು ಇನ್ನೂ ನೋಡಿರಲಿಲ್ಲ. ನ್ಯಾಯಾಧೀಶರ ಪ್ರಕಾರ ಮೊಹರಾದ ಮೆಷಿನ್ನನ್ನು ಎರಡೂ ಕಡೆಯವರ ಕಣ್ಣೆದುರಿಗೇ ನೋಡಬೇಕಿತ್ತು. ಎರಡೂ ಕಡೆಯವರು ಒಂದೇ ಮೇಜಿಗೆ ಬಂದದ್ದು ಇವತ್ತೇ.

ಇಲ್ಲಿ ನನ್ನ ನಾಲಿಗೆ ನನಗಿಂತ ಮುಂದೆ ಓಡಿತು. ಗೆದ್ದ ಬಿಸಿ ಇತ್ತು, ಹನ್ನೆರಡು ದಿನದ ಸಿಟ್ಟೂ ಇತ್ತು. ಎದ್ದು ನಿಂತು, ಡಾಕ್ಟರ್ ಸೆಲ್ವಾ ಕಡೆ ಬೆರಳು ತೋರಿಸಿ ಹೇಳಿಬಿಟ್ಟೆ.

"ಬರೆದುಕೊಳ್ಳಿ, ಡಾಕ್ಟ್ರೇ. ಈ ಇಪ್ಪತ್ತೆರಡು ಜಿಬಿ ಯಾರ ಹೆಸರಲ್ಲಿದೆಯೋ ಅವರೇ ಆ ಮನುಷ್ಯನ ಸಾವಿಗೆ ಕಾರಣ. ನ್ಯಾಯಾಧೀಶರ ತಜ್ಞೆಯಾಗಿ ಹೇಳ್ತಿದೀನಿ. ಆ ಹೆಸರನ್ನೇ ಅಭಿಯೋಜಕರಿಗೆ ಕಳಿಸಿ."

"ಬರ್ಕೊಂಡೆ," ಅಂದ ಇರಿಗೊಯೆನ್. ನಿಜವಾಗಿಯೂ ಬರೆದುಕೊಂಡಿದ್ದ.

ಗಾಜಿನ ಗೋಡೆಯ ಆಚೆ ಸರ್ವರಿನ ಹಸಿರು ದೀಪಗಳು ಉರಿಯುತ್ತಿದ್ದವು. ಈಚೆ ನನ್ನ ಮುಂದೆ ನೋಡಲಿಕ್ಕೆಂದೇ ಕೊಟ್ಟ ಒಂದು ಪರದೆ. ಹಂಚಿಕೊಂಡ ಜಾಗಗಳನ್ನು ತೋರಿಸುವ ನಾಲ್ಕಕ್ಷರದ ಹಳೆಯ ಆಜ್ಞೆಯನ್ನು ಒತ್ತಿದೆ. ಡಾಕ್ಟರ್ ಸೆಲ್ವಾ ಎರಡನೆಯ ಸುತ್ತಿನ ಬುರುಡೆಯನ್ನು ನೀಬಿಯಾ ಕೈಗೆ ಕೊಟ್ಟು, ತಾವೂ ಬಗ್ಗಿ ನೋಡಿದರು.

ಎರಡೇ ಸಾಲು ಬಂದವು.

ಮೊದಲನೆಯದು ಡೇಟಾಬೇಸಿನದ್ದು, ಇಪ್ಪತ್ತನಾಲ್ಕು ಜಿಬಿ. ಎರಡನೆಯದು ಇಪ್ಪತ್ತೆರಡು ಜಿಬಿ, ಬಳಸುತ್ತಿರುವವರು ಸೊನ್ನೆ. ತೆರೆದದ್ದು ಅಪಘಾತದ ದಿನ ಬೆಳಿಗ್ಗೆ ಆರು ಗಂಟೆ ಐವತ್ತೆರಡು ನಿಮಿಷಕ್ಕೆ. ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆಮೇಲೆ ಹೆಸರಿನ ಕಾಲಂ ನೋಡಿದೆ. ಎರಡು ಸಲ ನೋಡಿದೆ.

"ಜೋರಾಗಿ ಓದಿ, ದೋನ್ಯಾ ಒತೀಲಿಯಾ," ಅಂದ ಇರಿಗೊಯೆನ್, ನನ್ನ ಹೆಗಲ ಹಿಂದಿನಿಂದ. ನಾನು ಓದಲಿಲ್ಲ. ಅವನೇ ಓದಿದ. "ನೀಬಿಯಾ ತೆಚೇರಾ."

ಅವನು ಫೋನ್ ತೆಗೆದು ಕೆಳಗಿದ್ದವರಿಗೆ ಮಾಡಿದ. "ಲಾರಿ ವಾಪಸ್ ಕಳ್ಸಿ. ಮೆಷಿನ್ ಆರಿಸೋ ಹಾಗಿಲ್ಲ. ಈಗ ಇದೇ ನಮ್ಮ ಸಾಕ್ಷಿ." ನನ್ನ ಕಡೆ ತಿರುಗಿ, "ನಾನು ಹೇಳಿದ್ರೆ ತಪ್ಪಾಗ್ತಿತ್ತು. ನೀವೇ ಹೇಳಿದ್ರಲ್ಲ, ಒಳ್ಳೇದಾಯ್ತು," ಅಂದ.

ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಆ ಪರದೆಯನ್ನು ಎತ್ತಿ ಎಸೆಯಬೇಕೆನಿಸಿತು. ಹಗ್ಗವನ್ನು ಅವಳ ಕೊರಳಿಂದ ಬಿಚ್ಚಿ, ಇನ್ನೂ ಗಟ್ಟಿ ಗಂಟು ಹಾಕಿ ವಾಪಸು ತೊಡಿಸಿದ್ದೆ.

"ಇಲ್ಲ, ತಡೀರಿ," ಅಂದೆ. "ಆರು ಐವತ್ತೆರಡು. ನೀಬಿಯಾ, ಆ ಹೊತ್ತಿಗೆ ನೀನು ಎಲ್ಲಿದ್ದೆ?"

"ಬಸ್ಸಲ್ಲಿ," ಅಂದಳು, ಪರದೆಯಿಂದ ಕಣ್ಣು ತೆಗೆಯದೆ. "ನಮ್ಮೂರು ಲಾಸ್ ಪಿಯೆದ್ರಾಸ್‌ನಿಂದ ಹತ್ತಿದ್ದು ಆರೂವರೆ ದಾಟಿದ ಮೇಲೆ. ಇಲ್ಲಿಗೆ ಬಂದಾಗ ಏಳು ನಲವತ್ತು."

"ಬಸ್ ಕಾರ್ಡಿನ ದಾಖಲೆ ನನ್ನ ಹತ್ರಾನೇ ಇದೆ. ಈ ಮೆಷಿನ್ನಿಗೆ ಹೊರಗಿಂದ ದಾರಿ ಇಲ್ಲ. ಈ ಕಟ್ಟಡದ ಒಳಗೆ ಕೂತೇ ಕೈ ಹಾಕಬೇಕು. ಅಂದ್ರೆ ಆ ಬೆಳಿಗ್ಗೆ ಯಾರೋ ಇಲ್ಲಿ ಕೂತು ನಿನ್ನ ಹೆಸರಲ್ಲಿ ಒಳಗೆ ಹೋಗಿದಾರೆ. ನಿನ್ನ ಪಾಸ್‌ವರ್ಡ್ ಯಾರಿಗೆ ಕೊಟ್ಟಿದ್ದೆ?"

ಅವಳು ಕೈಯಲ್ಲಿದ್ದ ಬುರುಡೆಯನ್ನು ಒಮ್ಮೆ ತಿರುಗಿಸಿ ನೋಡಿದಳು.

"ಇಂಥ ಕಡೆ ಎಲ್ಲರ ಪಾಸ್‌ವರ್ಡೂ ಎಲ್ಲರಿಗೂ ಗೊತ್ತಿರುತ್ತೆ ಅನ್ನೋದು ನಂಗೆ ಗೊತ್ತು. ನಾನೇನೂ ಬೈಯಲ್ಲ. ಎಷ್ಟು ಜನಕ್ಕೆ ಕೊಟ್ಟಿದ್ದೆ, ಹೇಳು."

"ಒಬ್ಬರಿಗೇ," ಅಂದಳು ನೀಬಿಯಾ.

"ಯಾರು?"

ಅವಳು ತುಟಿ ಬಿಗಿ ಹಿಡಿದಳು. ಜೈಲಿನ ಬಾಗಿಲು ಎದುರಿಗೆ ತೆರೆದಿದ್ದರೂ ಇವಳು ಇನ್ನೂ ಯಾರದೋ ಮಾನ ಕಾಯುತ್ತಿದ್ದಾಳೆ. ನನಗೆ ಅವಳ ಮೇಲೂ ರೇಗಿತು. ಇಂಥ ಒಳ್ಳೆಯತನದಿಂದಲೇ ಕೆಟ್ಟವರ ಹೊಟ್ಟೆ ತುಂಬುವುದು.

"ನೀಬಿಯಾ, ನೀನು ಹೇಳ್ದಿದ್ರೆ ಐದಕ್ಕೆ ನಿನ್ನ ಹೆಸರು ಹೋಗುತ್ತೆ. ನಾನೇ ಕಳಿಸಿ ಅಂದಿದೀನಿ. ನನ್ನ ಮಾತು ನಾನು ವಾಪಸ್ ತಗೊಳಕ್ಕಾಗಲ್ಲ. ಅರ್ಥ ಆಗ್ತಿದ್ಯಾ?"

"ಅರ್ಥ ಆಗ್ತಿದೆ, ಒತೀಲಿಯಾ."

ಅವಳ ಕೈಯಲ್ಲಿ ಎರಡನೆಯ ಸುತ್ತಿನ ಮಾಟೆ ಇತ್ತು, ಆರಿಹೋಗಿತ್ತು. ಕೊಳವೆಯನ್ನು ಬಾಯಿಗಿಟ್ಟು, ತಳದಲ್ಲಿ ಸದ್ದಾಗುವ ತನಕ ನಿಧಾನವಾಗಿ ಹೀರಿದಳು. ಆಮೇಲೆ ಕೈ ಮುಂದೆ ಚಾಚಿ ಬುರುಡೆಯನ್ನು ಅದರ ಯಜಮಾನಿಯ ಕಡೆ ಹಿಡಿದಳು. ಈ ಹನ್ನೆರಡು ದಿನದಲ್ಲಿ ಅವಳು ಆ ಹೆಂಗಸನ್ನು ಸೆಲ್ವಾ ಎಂದಲ್ಲದೆ ಬೇರೆ ಏನೆಂದೂ ಕರೆದದ್ದನ್ನು ನಾನು ಕೇಳಿರಲಿಲ್ಲ.

"ಗ್ರಾಸಿಯಾಸ್, ಡಾಕ್ಟ್ರೇ," ಅಂದಳು.

ಬೆಳಿಗ್ಗೆ ಆರೂವರೆಗೆ ಈ ಕಟ್ಟಡಕ್ಕೆ ಮೊದಲು ಬರುವವಳು ತಾನೇ ಎಂದು ಅವರು ಹೇಳಿದ್ದು ನನಗೆ ಆಗ ನೆನಪಾಯಿತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹನ್ನೊಂದು ನಿಮಿಷವಿತ್ತು. ನೀಬಿಯಾಳ ಕೈ ಚಾಚಿದ ಹಾಗೆಯೇ ಇತ್ತು. ಡಾಕ್ಟರ್ ಸೆಲ್ವಾ ಬುರುಡೆಯನ್ನು ತೆಗೆದುಕೊಳ್ಳಲಿಲ್ಲ.